ಬೇಕ್ಡ್ ಬೀನ್ಸ್ ಡಬ್ಬಿ: ಕಾಳು ಚೆನ್ನ, ಸಾಸಿನದ್ದೇ ತಕರಾರು

ಬೇಕ್ಡ್ ಬೀನ್ಸ್ ಅಂದರೆ ಸಿಹಿ ಸಾಸಿನೊಂದಿಗೆ ಡಬ್ಬಿಯಲ್ಲಿ ಬರುವ ಬಿಳಿ ಬೀನ್ಸ್ ಕಾಳು. ವರ್ಷಗಟ್ಟಲೆ ಬಳಸಿದ ಮೇಲೂ ಈ ಡಬ್ಬಿಯ ಕಾಳಿನ ಬಗ್ಗೆ ದೂರಿಲ್ಲ. ಸಿಪ್ಪೆ ಗಟ್ಟಿ ಇರುವುದಿಲ್ಲ, ಒಳಗೆ ಬೆಣ್ಣೆಯ ಹಾಗೆ ಬೆಂದಿರುತ್ತದೆ. ಸಿಟ್ಟು ಬರುವುದು ಸಾಸಿನ ಸಿಹಿಗೆ. ಟೊಮೆಟೊ ಸಾಸಿನ ಬಗೆಯಲ್ಲಿ 100 ಗ್ರಾಮಿಗೆ ಸುಮಾರು 5 ಗ್ರಾಂ ಸಕ್ಕರೆ. 415 ಗ್ರಾಮಿನ ಒಂದು ಡಬ್ಬಿ ಅಂದರೆ ಹತ್ತಿರ ಹತ್ತಿರ ಐದು ಟೀ ಚಮಚ! ಕಾಕಂಬಿ ಹಾಕಿದ ಅಮೆರಿಕದ ಬಗೆ ಇನ್ನೂ ಸಿಹಿ. ನಾಲ್ಕು ತುತ್ತು ರುಚಿ, ಐದನೆಯದಕ್ಕೆ ಸಾಕೆನಿಸುತ್ತದೆ.

ಸಿಹಿ ಮುರಿಯಲು ಬಹಳ ಜನ ಉಪ್ಪು ಹಾಕುತ್ತಾರೆ. ಅದು ತಪ್ಪು, ಡಬ್ಬಿಯಲ್ಲೇ ಎರಡೂವರೆ ಗ್ರಾಂ ಉಪ್ಪಿರುತ್ತದೆ. ಖಾರದ ಪುಡಿಯನ್ನು ಮೇಲಿಂದ ಉದುರಿಸಿದರೆ ಹಸಿ ವಾಸನೆ ಉಳಿಯುತ್ತದೆ. ಮಾಡಬೇಕಾದ್ದು ಸಾಸನ್ನೂ ಕಾಳನ್ನೂ ಬೇರೆ ಮಾಡುವುದು.

ಡಬ್ಬಿಯನ್ನು ದೊಡ್ಡ ಕಣ್ಣಿನ ಜರಡಿಗೆ ಸುರಿದು ಸಾಸನ್ನು ಬಟ್ಟಲಿಗೆ ಇಳಿಸಿ. ತಳಕ್ಕೆ ಅಂಟಿದ್ದಕ್ಕೆ ಎರಡು ಚಮಚ ನೀರು ಹಾಕಿ ಕುಲುಕಿದರೆ ಅದೂ ಬರುತ್ತದೆ. ಬಾಣಲೆಯಲ್ಲಿ ಒಂದು ದೊಡ್ಡ ಚಮಚ ಎಣ್ಣೆ, ಅರ್ಧ ಈರುಳ್ಳಿ, ಜಜ್ಜಿದ ಎರಡು ಎಸಳು ಬೆಳ್ಳುಳ್ಳಿ. ಈರುಳ್ಳಿಯ ಅಂಚು ಕಂದಿದ ಮೇಲೆ ಉರಿ ಸಣ್ಣಗೆ ಮಾಡಿ ಅರ್ಧ ಟೀ ಚಮಚ ಖಾರದ ಪುಡಿ ಹಾಕಿ, ಹತ್ತು ಸೆಕೆಂಡಿನಲ್ಲಿ ಸಾಸ್ ಸುರಿಯಿರಿ. ಮೊದಲು ಸಣ್ಣ ಗುಳ್ಳೆಗಳು ಚಟಪಟ ಎನ್ನುತ್ತವೆ. ಮೂರು ನಾಲ್ಕು ನಿಮಿಷಕ್ಕೆ ಗುಳ್ಳೆ ದಪ್ಪವಾಗಿ, ಪುಳಕ್ ಪುಳಕ್ ಎಂದು ನಿಧಾನಕ್ಕೆ ಒಡೆಯುತ್ತವೆ, ಸೌಟು ಎಳೆದ ಗೆರೆ ಒಂದು ಕ್ಷಣ ನಿಲ್ಲುತ್ತದೆ. ಅದೇ ಹದ. ಒಲೆ ಆರಿಸುವ ಮುಂಚೆ ಕಾಳು ಹಾಕಿ ಎರಡೇ ನಿಮಿಷ ಬಿಸಿ ಮಾಡಿ, ಇಳಿಸಿದ ಮೇಲೆ ಒಂದು ಟೀ ಚಮಚ ವಿನೆಗರ್. ಸಿಹಿ ಎಲ್ಲೂ ಹೋಗಿರುವುದಿಲ್ಲ, ಆದರೆ ಹುಳಿ ಖಾರ ಎದುರು ನಿಂತು ಅದನ್ನು ಹಿಡಿತಕ್ಕೆ ತಂದಿರುತ್ತವೆ. ನಿಜಕ್ಕೂ, ಇಷ್ಟು ಮಾಡಿದ ಮೇಲೆ ಈ ಸಾಸಿನ ಮೇಲಿದ್ದ ಅರ್ಧ ಸಿಟ್ಟು ಇಳಿಯುತ್ತದೆ.

ಕಾಳು ಕೊನೆಗೇ ಯಾಕೆ? ಡಬ್ಬಿ ಮುಚ್ಚಿದ ಮೇಲೆ ಒತ್ತಡದ ಹಬೆಯಲ್ಲಿ ಅದು ಒಳಗೇ ಪೂರ್ತಿ ಬೆಂದಿರುತ್ತದೆ. ಮತ್ತೆ ಕುದಿಸಿದರೆ ಮೆತ್ತಗಾಗುವುದಿಲ್ಲ, ಒಡೆಯುತ್ತದೆ ಅಷ್ಟೆ. ಸಾಸಿನಲ್ಲಿ ಪಿಷ್ಟ ಇರುವುದರಿಂದ ದೊಡ್ಡ ಉರಿಯಲ್ಲಿ ಬೇಗ ತಳ ಹಿಡಿಯುತ್ತದೆ. ಹಿಡಿದರೆ ಕೆರೆಯಬೇಡಿ, ಮೇಲಿನದನ್ನಷ್ಟೇ ಬೇರೆ ಪಾತ್ರೆಗೆ ಬಗ್ಗಿಸಿ. ಮೈಕ್ರೋವೇವಿನಲ್ಲಾದರೆ ಮುಚ್ಚಿಯೇ ಇಡಬೇಕು, ಯಾಕೆಂದರೆ ಸಿಪ್ಪೆಯೊಳಗೆ ಹಬೆ ತುಂಬಿ ಕಾಳು ಸಿಡಿಯುತ್ತದೆ. ಅರ್ಧ ಪವರ್, ನಿಮಿಷಕ್ಕೊಮ್ಮೆ ಕಲಕುವುದು.

ಉಳಿದದ್ದನ್ನು ಗಾಜಿನ ಇಲ್ಲವೇ ಸ್ಟೀಲ್ ಡಬ್ಬಕ್ಕೆ ಹಾಕಿ ಫ್ರಿಜ್ಜಿನಲ್ಲಿಟ್ಟು ಎರಡು ದಿನದಲ್ಲಿ ಮುಗಿಸಿ. ಫ್ರೀಜರಿಗೆ ಹಾಕಿದರೆ ಕರಗಿಸಿದಾಗ ಸಾಸಿನಿಂದ ನೀರು ಬಿಡುತ್ತದೆ, ಅದನ್ನು ಅರೆದು ಸೂಪಿಗೆ ಹಾಕಬಹುದು. ಉಬ್ಬಿದ ಡಬ್ಬಿ, ಬೆಸುಗೆಯ ಹತ್ತಿರ ನೆಗ್ಗಿದ ಡಬ್ಬಿ ಎರಡನ್ನೂ ರುಚಿ ನೋಡದೆ ಬಿಸಾಡಿ.

ದುಡ್ಡು ಉಳಿಸುವವರಿಗೆ ಒಣ ಕಾಳೇ ಲೇಸು. ಆದರೆ ರಾತ್ರಿಯಿಡೀ ನೆನೆಸಬೇಕು, ಮೆತ್ತಗೆ ಬೆಂದ ಮೇಲಷ್ಟೇ ಟೊಮೆಟೊ ಹಾಕಬೇಕು. ಮೊದಲೇ ಹಾಕಿದರೆ ಹುಳಿಗೆ ಸಿಪ್ಪೆ ಬಿರುಸಾಗಿಯೇ ಉಳಿಯುತ್ತದೆ. ನೆನೆಸಲು ಮರೆತ ದಿನಕ್ಕೆಂದು ಕಪಾಟಿನಲ್ಲಿ ಎರಡು ಡಬ್ಬಿ ಸಾಕು, ಸಕ್ಕರೆ ಕಡಿಮೆ ಇರುವ ಬಗೆ ಸಿಕ್ಕರೆ ಅದನ್ನೇ ತನ್ನಿ.