ಇಂಜಿನ್‌ಗೆ ತಣ್ಣನೆ ಗಾಳಿ: ಕೋನ್ ಫಿಲ್ಟರ್, ಪಂಪಿನ ಪೈಪು, ತಗಡಿನ ಮರೆ

ಬಳ್ಳಾರಿಯ ಏಪ್ರಿಲ್ ಬಿಸಿಲು ಗೊತ್ತಲ್ವಾ? ಏಸಿ ಹಾಕಿದರೆ ಸಾಕು, ನನ್ನ ಹಳೆಯ ಪೆಟ್ರೋಲ್ ಕಾರು ಏದುಸಿರು ಬಿಡುತ್ತಿತ್ತು. ಬಾನೆಟ್ ಒಳಗಿನ ಕಾದ ಗಾಳಿಯನ್ನೇ ಇಂಜಿನ್ ಎಳೆದುಕೊಳ್ಳುತ್ತಿದೆಯಾ ಅಂತ ಅನುಮಾನ ಬಂತು. ಗಾಳಿ ಬಿಸಿಯಾದಷ್ಟೂ ತೆಳುವಾಗುತ್ತದೆ, ಹೆಚ್ಚುಕಡಿಮೆ 3 ಡಿಗ್ರಿಗೆ ಶೇ. 1ರಷ್ಟು. ಜೊತೆಗೆ ಗಾಳಿ ತುಂಬಾ ಕಾದಿದ್ದರೆ ಇಂಜಿನ್ ಕುಟ್ಟದಿರಲಿ (ಪೆಟ್ರೋಲ್ ತಾನಾಗಿ ಹೊತ್ತಿ ಟಕಟಕ ಅನ್ನದಿರಲಿ) ಅಂತ ಇಸಿಯು, ಅಂದರೆ ಇಂಜಿನ್‌ನ ಕಂಪ್ಯೂಟರ್, ಕಿಡಿ ಹೊತ್ತಿಸುವುದನ್ನೂ ತಡ ಮಾಡುತ್ತದೆ, ಪಿಕಪ್ ಇನ್ನಷ್ಟು ಸೊರಗುತ್ತದೆ. ಎರಡು ಬೇಸಿಗೆ ಇದರ ಹಿಂದೆಯೇ ಬಿದ್ದೆ.

ಅಳತೆಗೆ ಮೊದಲು, ಇಂಜಿನ್‌ನ ಮಾಹಿತಿ ಓದಲು ಕಾರಿನಲ್ಲೇ ಇರುವ ಓಬಿಡಿ ಸಾಕೆಟ್‌ಗೆ ಹಾಕುವ ಬ್ಲೂಟೂತ್ ಅಡಾಪ್ಟರ್ ತಂದೆ. ಆದರೆ ನನ್ನ ಗಾಡಿಯಲ್ಲಿ ಗಾಳಿಯ ಬಿಸಿ ಅಳೆಯುವ ಸೆನ್ಸರ್, ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಮೇಲೇ ಕೂತಿದೆ, ಕಾದ ಲೋಹದ ಬಿಸಿಯೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಅದಕ್ಕೆ ಮೀನಿನ ತೊಟ್ಟಿಗೆ ಹಾಕುವ ಡಿಜಿಟಲ್ ಥರ್ಮಾಮೀಟರ್ ತಂದು, ಅದರ ವೈರಿನ ತುದಿಯನ್ನು ಫಿಲ್ಟರ್ ದಾಟಿದ ಮೇಲಿನ ಪೈಪಿನೊಳಗೆ ಇಳಿಸಿದೆ. ದಾರಿ ಯಾವಾಗಲೂ ಒಂದೇ: ಬಳ್ಳಾರಿಯಿಂದ ಹೊಸಪೇಟೆ, ಮಧ್ಯಾಹ್ನ ಎರಡರ ಹೊತ್ತು, ಹೊರಗೆ 39–40 ಡಿಗ್ರಿ. ರಸ್ತೆ ಖಾಲಿ ಇದ್ದಲ್ಲಿ 80ರ ವೇಗದಲ್ಲಿ ಒಂದು ರೀಡಿಂಗ್, ತೋರಣಗಲ್ಲಿನ ಹತ್ತಿರ ಲಾರಿಗಳ ಹಿಂದೆ ತೆವಳುವಾಗ ಇನ್ನೊಂದು. ಏನೂ ಬದಲಾಯಿಸದ ಗಾಡಿಯಲ್ಲಿ 47 ಮತ್ತು 61 ಬಂತು.

ಮೊದಲು ಕೋನ್ ಫಿಲ್ಟರ್, ಅಂದರೆ ಡಬ್ಬವಿಲ್ಲದೆ ಬಯಲಲ್ಲೇ ಕೂರುವ, ಎಣ್ಣೆ ಹಚ್ಚಿದ ಬಟ್ಟೆಯ ಶಂಕುವಿನಾಕಾರದ ಏರ್ ಫಿಲ್ಟರ್. 3,000 ರೂಪಾಯಿ ಚಿಲ್ಲರೆ. ಕಂಪನಿಯ ಏರ್ ಫಿಲ್ಟರ್ ಡಬ್ಬ ಬಿಚ್ಚಿ ಇದನ್ನು ಸಿಕ್ಕಿಸಿದರೆ ಶಬ್ದ ಗಡುಸಾಗುತ್ತದೆ, ಗಾಡಿ ಹಾರುತ್ತಿದೆ ಅಂತ ಅನ್ನಿಸುತ್ತದೆ. ಥರ್ಮಾಮೀಟರ್ ಬೇರೆಯೇ ಹೇಳಿತು: 55, ಲಾರಿ ಸಾಲಿನಲ್ಲಿ 74! ಕಾರಣ ಸರಳ. ಡಬ್ಬದ ಮೂಗು ಗ್ರಿಲ್ ಕಡೆಯಿಂದ ಗಾಳಿ ತರುತ್ತಿತ್ತು, ಕೋನ್ ಬಾನೆಟ್ ಒಳಗಿನ ಬಿಸಿ ಗಾಳಿಯನ್ನೇ ಕುಡಿಯುತ್ತದೆ. ಇನ್ನೂ ಬೇಜಾರಾಗಿದ್ದು ಎರಡು ವಾರದ ಮೇಲೆ ಪೈಪ್ ಬಿಚ್ಚಿ ಬೆರಳು ಆಡಿಸಿದಾಗ. ಫಿಲ್ಟರ್ ದಾಟಿದ ಜಾಗದಲ್ಲಿ ಬೆರಳಿಗೆ ಕೆಂಪು ಪುಡಿ ಹತ್ತಿತು, ನಮ್ಮ ಅದಿರಿನ ಧೂಳು. ಎಣ್ಣೆ ಹಚ್ಚಿದ ಬಟ್ಟೆಯ ಫಿಲ್ಟರ್‌ಗಿಂತ ಕಾಗದದ್ದು ಸಣ್ಣ ಧೂಳನ್ನು ಚೆನ್ನಾಗಿ ತಡೆಯುತ್ತದೆ. ಆ ಪುಡಿ ಸಿಲಿಂಡರ್ ಗೋಡೆಯನ್ನು ಉಜ್ಜುತ್ತಾ ಇರುತ್ತದೆ ಅಂತ ನೆನೆಸಿಕೊಂಡು ಅವತ್ತೇ ತೆಗೆದುಬಿಟ್ಟೆ.

ಎರಡನೆಯದು ನನಗೆ ತುಂಬಾ ಇಷ್ಟವಾದದ್ದು. ಹೊಲದ ಪಂಪಿಗೆ ಹಾಕುವ 3 ಇಂಚಿನ ಹಸಿರು ಸಕ್ಷನ್ ಪೈಪು, ಒಂದು ಮೀಟರ್, ಎರಡು ಕ್ಲಾಂಪ್. ಎಲ್ಲಾ ಸೇರಿ 400 ರೂಪಾಯಿ ಆಗಲಿಲ್ಲ. ಕಂಪನಿಯ ಡಬ್ಬ, ಕಾಗದದ ಫಿಲ್ಟರ್ ಹಾಗೇ ಇರಲಿ. ಡಬ್ಬದ ಮೂಗಿಗೆ ಪೈಪ್ ಕಟ್ಟಿ, ಬಾಯಿಯನ್ನು ಹೆಡ್‌ಲೈಟ್ ಪಕ್ಕಕ್ಕೆ, ರೇಡಿಯೇಟರ್‌ನ ಅಂಚಿನಿಂದ ಆಚೆಗೆ ಒಯ್ದು ಕೂರಿಸಿದೆ. ನಿಂತಾಗ ರೇಡಿಯೇಟರ್‌ನ ಬಿಸಿ ಗಾಳಿ ಸುತ್ತಿ ಮುಂದಕ್ಕೇ ಬರುತ್ತದೆ, ಆದ್ದರಿಂದ ಸುತ್ತಲಿನ ಸಂದಿಗೆ ಫೋಮ್ ತುರುಕಿದೆ. 80ರಲ್ಲಿ 43, ಲಾರಿ ಸಾಲಿನಲ್ಲಿ 54. ಸಾಲು ದಾಟಿದ ಮೇಲೆ ಮೊದಲು ಐದಾರು ಕಿಲೋಮೀಟರ್ ಹೋದರೂ ಇಳಿಯದಿದ್ದ ಬಿಸಿ ಈಗ ಎರಡೇ ಕಿಲೋಮೀಟರ್‌ಗೆ ಇಳಿಯುತ್ತದೆ. ನನಗೆ ಗೇರ್ ಬದಲಾಯಿಸುವಾಗ ಗೊತ್ತಾಗಿದ್ದು ಇದೇ ವ್ಯತ್ಯಾಸ. ಒಂದು ಎಚ್ಚರಿಕೆ, ಈ ಪೈಪು ಪಿವಿಸಿ, ಬಿಸಿಗೆ ಮೆತ್ತಗಾಗುತ್ತದೆ. ಎಕ್ಸಾಸ್ಟ್ ಹತ್ತಿರ ಹಾಯಿಸಲೇಬೇಡಿ.

ತಗಡಿನ ಮರೆಯನ್ನು ಒಂದನ್ನೇ ಹಾಕಿ ನೋಡಿದಾಗ 46 ಮತ್ತು 57. ಅಂದರೆ ಓಡುವಾಗ ಅದರ ಕೆಲಸ ಕಡಿಮೆ, ನಿಂತಾಗ ಜಾಸ್ತಿ. ಎಕ್ಸಾಸ್ಟ್‌ಗೂ ಡಬ್ಬಕ್ಕೂ ನಡುವೆ ಅಲ್ಯೂಮಿನಿಯಂ ತಗಡನ್ನು ಡಬ್ಬಕ್ಕೆ ತಾಗದ ಹಾಗೆ ಒಂದಿಂಚು ಬಿಟ್ಟು ನಿಲ್ಲಿಸಬೇಕು. ತಾಗಿದರೆ ತಗಡೇ ಬಿಸಿಯನ್ನು ಒಳಗೆ ದಾಟಿಸುತ್ತದೆ. ಪೈಪ್ ಜೊತೆ ಸೇರಿಸಿದಾಗ 42 ಮತ್ತು 51. ಈಗ ಬೇಸಿಗೆಯಲ್ಲಿ ಎರಡೂ ಇರುತ್ತವೆ.

ಬಾನೆಟ್‌ನ ಹಿಂಭಾಗಕ್ಕೆ ವಾಷರ್ ಕೊಟ್ಟು ಎತ್ತುವುದು ಬೇಡವೇ ಬೇಡ. ಓಡುವಾಗ ಗಾಜಿನ ಬುಡದಲ್ಲಿ ಗಾಳಿಯ ಒತ್ತಡ ಜಾಸ್ತಿ, ಬಿಸಿ ಹೊರಗೆ ಹೋಗುವ ಬದಲು ಹೊರಗಿನ ಗಾಳಿಯೇ ಒಳಗೆ ನುಗ್ಗುತ್ತದೆ. ನಿಂತಾಗ ಇಂಜಿನ್ ವಾಸನೆ ಏಸಿ ದಾರಿಯಲ್ಲಿ ಕಾರಿನೊಳಗೆ ಬಂತು. ಥ್ರಾಟಲ್ ಬಾಡಿಗೆ (ಇಂಜಿನ್‌ಗೆ ಹೋಗುವ ಗಾಳಿಯನ್ನು ಹೆಚ್ಚುಕಡಿಮೆ ಮಾಡುವ ಬಾಗಿಲು ಇರುವ ಭಾಗ) ಹೋಗುವ ಬಿಸಿ ಕೂಲಂಟ್‌ನ ಪೈಪನ್ನು ತಪ್ಪಿಸಿಯೂ ನೋಡಿದೆ, ಪಿಕಪ್‌ನಲ್ಲಿ ಏನೂ ಗೊತ್ತಾಗಲಿಲ್ಲ.

ಮೈಲೇಜ್ ಜಾಸ್ತಿ ಆಯ್ತಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. ನಿಧಾನಕ್ಕೆ ಓಡಿಸುವಾಗ ಎಷ್ಟು ಗಾಳಿ ಬೇಕೋ ಅಷ್ಟಕ್ಕೆ ಥ್ರಾಟಲ್ ತೆರೆದಿರುತ್ತದೆ, ಗಾಳಿ ತಣ್ಣಗಾದರೆ ಅದು ಇನ್ನಷ್ಟು ಮುಚ್ಚಿಕೊಳ್ಳುತ್ತದೆ ಅಷ್ಟೇ. ಲಾಭ ಇರೋದು ಪೂರ್ತಿ ಒತ್ತಿ ಓವರ್‌ಟೇಕ್ ಮಾಡುವಾಗ, ಏರು ಹತ್ತುವಾಗ. ಅದಕ್ಕಾಗಿ ಸಾವಿರಗಟ್ಟಲೆ ಖರ್ಚು ಮಾಡಬೇಡಿ.

ಮಳೆಯ ವಿಷಯದಲ್ಲಿ ಮಾತ್ರ ಹುಷಾರು. ಪೈಪಿನ ಬಾಯಿ ಬಂಪರ್‌ಗಿಂತ ಕೆಳಗಿದ್ದು ನಿಂತ ನೀರಿಗೆ ನುಗ್ಗಿದರೆ, ಇಂಜಿನ್ ನೀರು ಕುಡಿದು ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಗ್ಗಿಹೋಗುತ್ತದೆ. ನೀರನ್ನು ಅದುಮೋಕಾಗಲ್ಲ. ಪೈಪಿನ ತೀರಾ ತಗ್ಗಿನಲ್ಲಿ ನಾನು 6 ಎಂಎಂ ತೂತು ಕೊರೆದಿದ್ದೇನೆ. ಕಳೆದ ವರ್ಷ ಮೊದಲ ಮಳೆ ಬಿದ್ದ ರಾತ್ರಿ ಟಾರ್ಚ್ ಹಿಡಿದು ನೋಡಿದರೆ ಆ ತೂತಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಮರುದಿನ ಬೆಳಿಗ್ಗೆ ಎರಡು ಕ್ಲಾಂಪ್ ಸಡಿಲಿಸಿ ಪೈಪ್ ತೆಗೆದು ಶೆಡ್ಡಿನ ಮೊಳೆಗೆ ನೇತುಹಾಕಿದೆ. ಫೆಬ್ರವರಿ ಬರುವವರೆಗೂ ಅದರ ಜಾಗ ಅಲ್ಲೇ.