ಕ್ಯೂರಿಯಾಸಿಟಿಯ ಹೊಟ್ಟೆಯೊಳಗಿನ ಕೆಮಿನ್: ನನ್ನ ರಿವ್ಯೂ

ಮಂಗಳ ಗ್ರಹದ ಮೇಲೆ ಓಡಾಡುವ ನಾಸಾದ ಕ್ಯೂರಿಯಾಸಿಟಿ ರೋವರ್ ಅಂದ ತಕ್ಷಣ ಎಲ್ಲರೂ ಅದರ ಲೇಸರ್ ಬಗ್ಗೆಯೇ ಮಾತಾಡುತ್ತಾರೆ. 7 ಮೀಟರ್ ದೂರದಿಂದ ಕಲ್ಲಿಗೆ ಹೊಡೆದು ಅದರಲ್ಲಿ ಯಾವ ಧಾತುಗಳಿವೆ ಅಂತ ಹೇಳುವ ಕೆಮ್‌ಕ್ಯಾಮ್ ಚೆನ್ನಾಗಿಯೇ ಇದೆ. ಆದರೆ ನನ್ನ ಓಟು ಅದೇ ರೋವರ್ ಒಳಗೆ ಕೂತು ಖನಿಜ ಗುರುತಿಸುವ ಕೆಮಿನ್‌ಗೆ.

ಧಾತು ಗೊತ್ತಾದ ಮಾತ್ರಕ್ಕೆ ಖನಿಜ ಗೊತ್ತಾಗುವುದಿಲ್ಲ. ಅವಲಕ್ಕಿ, ಮಂಡಕ್ಕಿ ಎರಡೂ ಭತ್ತದಿಂದಲೇ ಬಂದದ್ದು, ಒಂದು ಕುಟ್ಟಿದ್ದು, ಇನ್ನೊಂದು ಹುರಿದದ್ದು, ಅಲ್ವಾ? ಕಲ್ಲೂ ಹಾಗೇ. ಬರೀ ಸಿಲಿಕಾನ್, ಆಮ್ಲಜನಕ ಸೇರಿದ್ದು ಕ್ವಾರ್ಟ್ಸ್ ಆಗಿರಬಹುದು, ಟ್ರಿಡಿಮೈಟೂ ಆಗಿರಬಹುದು. ಕೆಮಿನ್ ಕಲ್ಲಿನ ಪುಡಿಗೆ ಎಕ್ಸ್-ರೇ ಹಾಯಿಸುತ್ತದೆ. ಹರಳಿನೊಳಗೆ ಪರಮಾಣುಗಳು ಹೇಗೆ ಜೋಡಿಸಿಕೊಂಡಿವೆಯೋ ಅದಕ್ಕೆ ತಕ್ಕಂತೆ ಕಿರಣ ಚದುರಿ ಉಂಗುರ ಉಂಗುರವಾಗಿ ಬೀಳುತ್ತದೆ. ಖನಿಜವನ್ನು ಗುರುತು ಹಿಡಿಯುವುದು ಆ ಉಂಗುರಗಳಿಂದಲೇ.

ಎಂ.ಎಸ್ಸಿ. ಮಾಡುವಾಗ ನಾನು ಬಳಸಿದ, ಇದೇ ಕೆಲಸದ ಎಕ್ಸ್‌ಆರ್‌ಡಿ (ಎಕ್ಸ್-ರೇ ಡಿಫ್ರಾಕ್ಷನ್) ಯಂತ್ರ ಫ್ರಿಜ್‌ಗಿಂತ ದೊಡ್ಡದಿತ್ತು. ಪುಡಿ ಮೈದಾ ಹಿಟ್ಟಿನಷ್ಟು ನುಣ್ಣಗಾಗುವವರೆಗೆ ಕಲ್ಬತ್ತಿನಲ್ಲಿ ಅರೆದು ಅರೆದು ಮಣಿಕಟ್ಟು ನೋಯುತ್ತಿತ್ತು. ಕೆಮಿನ್ ಸುಮಾರು 25 ಸೆಂ.ಮೀ. ಅಗಲದ ಡಬ್ಬಿ, ತೂಕ 10 ಕೆ.ಜಿ. ಅಷ್ಟೇ. ಅದಕ್ಕೆ ಅಷ್ಟು ನುಣುಪೂ ಬೇಡ. 150 ಮೈಕ್ರಾನ್ ಜರಡಿ ದಾಟಿದ ಚಿಟಿಕೆ ಪುಡಿ ಸಾಕು. ಪುಡಿ ಕೂತ ತೆಳುವಾದ ಅರೆಯನ್ನೇ ಗಡಗಡ ನಡುಗಿಸುತ್ತದೆ, ಕಣಗಳು ತಿರುಗುತ್ತಾ ಎಲ್ಲ ಮಗ್ಗುಲನ್ನೂ ಕಿರಣಕ್ಕೆ ತೋರಿಸುತ್ತವೆ. ಎಂಥ ಒಳ್ಳೆ ಉಪಾಯ!

2013ರ ಫೆಬ್ರವರಿಯಲ್ಲಿ ರೋವರ್ ಇಳಿದಿದ್ದ ಗೇಲ್ ಕುಳಿಯ ಜಾನ್ ಕ್ಲೈನ್ ಎಂಬ ಬಂಡೆಗೆ ಕೊರೆದರು. ಮೇಲೆಲ್ಲ ಕೆಂಪು, 1.6 ಸೆಂ.ಮೀ. ಅಗಲದ ತೂತಿನ ಸುತ್ತ ಬಿದ್ದ ಪುಡಿ ಬೂದು. ಆ ಫೋಟೋ ನೋಡಿ ನಾನು ಸುಮ್ನೆ ಕೂತುಬಿಟ್ಟೆ. ಆ ಪುಡಿಯಲ್ಲಿ ಸುಮಾರು ಐದನೇ ಒಂದು ಪಾಲು ಜೇಡಿ ಖನಿಜ ಅಂತ ಕೆಮಿನ್ ಹೇಳಿತು. ಅಂದರೆ ಒಂದು ಕಾಲದಲ್ಲಿ ಅಲ್ಲಿ ನೀರಿತ್ತು, ಅದೂ ಹುಳಿ ಜಾಸ್ತಿ ಇಲ್ಲದ ನೀರು. 2015ರಲ್ಲಿ ಬಕ್‌ಸ್ಕಿನ್ ಬಂಡೆಯಲ್ಲಿ ಸಿಕ್ಕ ಟ್ರಿಡಿಮೈಟನ್ನಂತೂ ಯಾರೂ ನಿರೀಕ್ಷಿಸಿರಲಿಲ್ಲ.

ಕೊರತೆಗಳೂ ಇವೆ. ನಿಧಾನ, ಒಂದು ಮಾದರಿಗೆ ಗಂಟೆಗಟ್ಟಲೆ ಬೇಕು. ಗಾಜಿನಂಥ, ಹರಳಾಗದ ವಸ್ತುವಿದ್ದರೆ ಉಂಗುರಗಳಿಂದ ಬರೆದ ಗ್ರಾಫಿನಲ್ಲಿ ಬರೀ ಒಂದು ಉಬ್ಬು ಕಾಣುತ್ತದೆ, ಹೆಸರು ಹೇಳುವುದು ಕಷ್ಟ. ಡ್ರಿಲ್ ಕೈಕೊಟ್ಟರೆ ಹೊಸ ಬಂಡೆಯ ಪುಡಿಯೇ ಇಲ್ಲ. 2016ರ ಡಿಸೆಂಬರ್‌ನಲ್ಲಿ ಹಾಗೇ ಆಯ್ತು, ಬೇರೆ ವಿಧಾನ ಹುಡುಕಿ ಮತ್ತೆ ಕೊರೆಯುವಷ್ಟರಲ್ಲಿ 2018ರ ಮೇ ಬಂದಿತ್ತು.

ಆಮೇಲೆ ಮಂಗಳಕ್ಕೆ ಹೋದ ಪರ್ಸಿವಿಯರೆನ್ಸ್ ರೋವರ್‌ನಲ್ಲಿ ಇಂಥ ಡಬ್ಬಿ ಇಲ್ಲ ಅನ್ನುವುದು ನನಗೆ ನಿಜವಾಗಿ ಬೇಜಾರು. ಕೆಮಿನ್‌ನ ಡೇಟಾ ನಾಸಾದ ಪಿಡಿಎಸ್ ಎಂಬ ಆನ್‌ಲೈನ್ ಡೇಟಾ ಸಂಗ್ರಹದಲ್ಲಿ ಎಲ್ಲರಿಗೂ ಉಚಿತ. ಜಿಯಾಲಜಿ ಓದುವವರು ಜಾನ್ ಕ್ಲೈನ್‌ನಿಂದಲೇ ಶುರು ಮಾಡಿ.