ಕುಮಾರ ಪರ್ವತ ಕಾಣಿಸಿದ ಸಾಫ್ಟ್‌ವೇರ್: ಲಿಟಲ್ ನ್ಯಾವ್‌ಮ್ಯಾಪ್, ಸಿಮ್‌ಬ್ರೀಫ್, ನ್ಯಾವಿಗ್ರಾಫ್ ನಾಲ್ಕು ವರ್ಷ ಬಳಸಿದ ಮೇಲೆ

ಮಳೆಗಾಲದ ಒಂದು ಭಾನುವಾರ ಮೈಸೂರಿನ ಮಂಡಕಳ್ಳಿ ನಿಲ್ದಾಣದಿಂದ ಸೆಸ್ನಾ 172 ಎಂಬ ಪುಟ್ಟ ವಿಮಾನ ಎತ್ತಿಕೊಂಡು ಮಂಗಳೂರಿಗೆ ಹೊರಟಿದ್ದೆ. ಮನೆಯ ಕಂಪ್ಯೂಟರಿನಲ್ಲೇ, ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ. ನಕ್ಷೆಯ ಮೇಲೆ ಎರಡು ನಿಲ್ದಾಣಗಳ ನಡುವೆ ಒಂದು ನೇರ ಗೆರೆ ಎಳೆದು, ಎತ್ತರ 4,500 ಅಡಿ ಅಂತ ನಾನೇ ತುಂಬಿದ್ದೆ. ಲೈವ್ ಹವಾಮಾನ ಆನ್ ಇತ್ತು. ಸೋಮವಾರಪೇಟೆ ದಾಟುವಷ್ಟರಲ್ಲಿ ಕಿಟಕಿ ತುಂಬ ಮೋಡ. ನೈಋತ್ಯದ ಗಾಳಿ ವಿಮಾನವನ್ನು ಗೆರೆಯಿಂದ ಬಲಕ್ಕೆ ತಳ್ಳುತ್ತಿದ್ದದ್ದು ಗೊತ್ತಾಗಲಿಲ್ಲ. ಬಿಳಿಯ ನಡುವೆ ಒಮ್ಮೆಲೇ ಹಸಿರು ಕಂಡಿತು, ಮರುಕ್ಷಣ ಎಲ್ಲ ಮುಗಿದಿತ್ತು.

ಬಿದ್ದದ್ದೆಲ್ಲಿ ಅಂತ ನಕ್ಷೆ ದೊಡ್ಡದು ಮಾಡಿ ನೋಡುತ್ತಿದ್ದಾಗ ಪಕ್ಕದಲ್ಲಿದ್ದ ಮಗಳು ಕೇಳಿದಳು: "ಅಪ್ಪಾ, ಇದು ನಾವು ಕುಕ್ಕೆಯಿಂದ ಹತ್ತಿದ ಬೆಟ್ಟ ಅಲ್ವಾ?" ಹೌದು, ಕುಮಾರ ಪರ್ವತ. 1,712 ಮೀಟರ್, ಅಂದರೆ 5,600 ಅಡಿಗೂ ಮೇಲೆ. ಕಾಲಲ್ಲಿ ಹತ್ತಿ ಸುಸ್ತಾಗಿದ್ದ ಬೆಟ್ಟವನ್ನೇ ಪ್ಲಾನ್ ಮಾಡುವಾಗ ಮರೆತಿದ್ದೆ.

ಅವತ್ತು ರಾತ್ರಿಯೇ, ಸಿಮ್ಯುಲೇಟರಿನಲ್ಲಿ ಹಾರುವ ದಾರಿಯನ್ನು ನಕ್ಷೆಯ ಮೇಲೆ ಪ್ಲಾನ್ ಮಾಡುವ ಲಿಟಲ್ ನ್ಯಾವ್‌ಮ್ಯಾಪ್ ಇಳಿಸಿಕೊಂಡೆ. ಅಲ್ಲಿಂದ ಇಲ್ಲಿಯವರೆಗೆ ನಾಲ್ಕು ವರ್ಷ ಇದನ್ನೂ, ಸಿಮ್‌ಬ್ರೀಫನ್ನೂ, ಆಗಾಗ ಚಂದಾ ಕಟ್ಟಿ, ವಾಯುಮಾರ್ಗದ ದತ್ತಾಂಶ ಮತ್ತು ಚಾರ್ಟ್ ಕೊಡುವ ನ್ಯಾವಿಗ್ರಾಫನ್ನೂ ಬಳಸಿದ್ದೇನೆ. ಒಂದನ್ನೇ ಇಟ್ಟುಕೊಳ್ಳಿ ಅಂದರೆ ನಾನು ಇಟ್ಟುಕೊಳ್ಳುವುದು ಲಿಟಲ್ ನ್ಯಾವ್‌ಮ್ಯಾಪನ್ನೇ.

ಇದು ಪೂರ್ತಿ ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ನಾನು ಇದಕ್ಕೆ ಮನಸೋತದ್ದು ಪರದೆಯ ಕೆಳಗೆ ತೆರೆದುಕೊಳ್ಳುವ ಎಲಿವೇಶನ್ ಪ್ರೊಫೈಲ್‌ಗೆ. ನೀವು ಎಳೆದ ದಾರಿಯನ್ನು ಚಾಕುವಿನಿಂದ ಸೀಳಿ ಪಕ್ಕದಿಂದ ನೋಡಿದ ಹಾಗೆ ನೆಲದ ಏರಿಳಿತ ಕಾಣುತ್ತದೆ. ಮೈಸೂರಿನಿಂದ ಮಂಗಳೂರಿಗೆ ನೇರ ಗೆರೆ ಸುಮಾರು 112 ನಾಟಿಕಲ್ ಮೈಲು. ಎಡಗಡೆ ಮೈಸೂರಿನ ಬಯಲು ಚಪ್ಪಟೆಯಾಗಿ ಶುರುವಾಗಿ, ಕೊಡಗಿನ ಅಂಚಿನಲ್ಲಿ ಮೆಲ್ಲಗೆ ಏರಿ, ಪುಷ್ಪಗಿರಿಯ (ಅದೇ ಕುಮಾರ ಪರ್ವತದ) ಹತ್ತಿರ ಗೂನು ಎತ್ತಿ, ಅಲ್ಲಿಂದ ಸುಬ್ರಹ್ಮಣ್ಯದ ಕಡೆಗೆ ಗೋಡೆ ಇಳಿದಂತೆ ಇಳಿದುಬಿಡುತ್ತದೆ. ಅದರ ಮೇಲೆ ಸುರಕ್ಷಿತ ಎತ್ತರದ ಕೆಂಪು ಗೆರೆ. ಪಶ್ಚಿಮಕ್ಕೆ ಹೋಗುವ ವಿಎಫ್‌ಆರ್ (ಕಣ್ಣಿಂದ ಹೊರಗೆ ನೋಡಿಕೊಂಡು ಹಾರುವ) ಹಾರಾಟಕ್ಕೆ ಎತ್ತರ ಸಮಸಂಖ್ಯೆಯ ಸಾವಿರದ ಮೇಲೆ ಐನೂರು ಅಡಿ: 4,500, 6,500, 8,500. ಆರೂವರೆ ಸಾವಿರ ಇಟ್ಟರೂ ಶಿಖರಕ್ಕಿಂತ 900 ಅಡಿ ಮೇಲೆ ಅಷ್ಟೇ. ಮಳೆಗಾಲದಲ್ಲಿ ನನಗೆ ಅದು ಸಾಲದು, ಈಗ 8,500 ಇಡುತ್ತೇನೆ.

ಹೊಸಬರು ಇಲ್ಲಿ ಒಂದು ಕೆಲಸ ತಪ್ಪದೆ ಮಾಡಿ. ಗ್ಲೋಬ್ ಎಂಬ ಎತ್ತರದ ದತ್ತಾಂಶವನ್ನು ಬೇರೆಯಾಗಿ ಇಳಿಸಿಕೊಂಡು ಸೆಟ್ಟಿಂಗ್‌ನಲ್ಲಿ ಅದರ ಫೋಲ್ಡರ್ ತೋರಿಸಬೇಕು. ಅದರಲ್ಲೂ ಒಂದೊಂದು ಚೌಕ ಸುಮಾರು ಒಂದು ಕಿಲೋಮೀಟರಿನದು. ಚೂಪಾದ ಶಿಖರ ಸರಾಸರಿಯಲ್ಲಿ ತಗ್ಗಿ ಕಾಣಬಹುದು. ಹಾಗಾಗಿ ಘಟ್ಟದ ಮೇಲೆ ಹಾರುವಾಗ ಕೆಂಪು ಗೆರೆಗೆ ಅಂಟಿಕೊಂಡು ಹೋಗಬೇಡಿ.

ಎರಡನೆಯ ಗುಣ, ಇದು ನಿಮ್ಮ ಸಿಮ್ಯುಲೇಟರಿನ ಸೀನರಿಯನ್ನೇ (ಅದರೊಳಗಿನ ನಿಲ್ದಾಣ, ರನ್‌ವೇಗಳ ಮಾಹಿತಿಯನ್ನೇ) ಓದಿ ತನ್ನ ಡೇಟಾಬೇಸ್ ಕಟ್ಟಿಕೊಳ್ಳುತ್ತದೆ. ಹಳೇ ಲ್ಯಾಪ್‌ಟಾಪಿನಲ್ಲಿ ಇನ್ನೂ ಮೈಕ್ರೋಸಾಫ್ಟಿನ ಹಳೆಯ ಸಿಮ್ಯುಲೇಟರ್ ಎಫ್‌ಎಸ್‌ಎಕ್ಸ್ ಹಾರಿಸುವವರು ನಮ್ಮಲ್ಲಿ ಇದ್ದಾರೆ. ಅದು ಬಂದದ್ದು 2006ರಲ್ಲಿ, ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾದದ್ದು 2008ರ ಮೇ ತಿಂಗಳಲ್ಲಿ. ಇವತ್ತಿನ ನಕ್ಷೆ ನೋಡಿ ಪ್ಲಾನ್ ಮಾಡಿದರೆ ಆ ಸಿಮ್ಯುಲೇಟರಿನಲ್ಲಿ ಇಲ್ಲದ ರನ್‌ವೇ ಹುಡುಕುತ್ತಾ ಹೋಗುತ್ತೀರಿ. ಲಿಟಲ್ ನ್ಯಾವ್‌ಮ್ಯಾಪ್ ಸಿಮ್ಯುಲೇಟರಿನಲ್ಲಿ ಇದ್ದದ್ದನ್ನೇ ತೋರಿಸುತ್ತದೆ.

ಇನ್ನೊಂದು ಅನುಕೂಲ: ಇದರೊಳಗೇ ಒಂದು ಪುಟ್ಟ ವೆಬ್ ಸರ್ವರ್ ಇದೆ. ಮನೆಯ ವೈಫೈನಲ್ಲಿ ಹಳೇ ಟ್ಯಾಬ್ಲೆಟ್‌ನ ಬ್ರೌಸರ್ ತೆರೆದರೆ ಓಡುವ ನಕ್ಷೆ ಅಲ್ಲಿ ಬರುತ್ತದೆ. ಒಡೆದ ಗಾಜಿನ ಟ್ಯಾಬ್ಲೆಟ್ ಒಂದನ್ನು ನಾನು ಕೀಬೋರ್ಡ್ ಪಕ್ಕ ಒರಗಿಸಿಟ್ಟಿದ್ದೇನೆ. ಮುಖ್ಯ ಪರದೆ ಪೂರ್ತಿ ಕಾಕ್‌ಪಿಟ್‌ಗೇ ಸಿಗುತ್ತದೆ. ಕೊರತೆ ಎಂದರೆ ಮೊದಲ ದಿನದ ಗಾಬರಿ. ಎಷ್ಟೊಂದು ಬಟನ್, ಎಷ್ಟೊಂದು ಕಿಟಕಿ! ವಾರದಲ್ಲಿ ಕೈಗೆ ಹತ್ತುತ್ತದೆ.

ಸಿಮ್‌ಬ್ರೀಫ್ ಬೇರೆಯೇ ಜಾತಿ. ನಕ್ಷೆ ನೋಡುವುದಕ್ಕಲ್ಲ, ಏರ್‌ಲೈನಿನ ಡಿಸ್ಪ್ಯಾಚ್ ಕೊಠಡಿಯ ಕೆಲಸಕ್ಕೆ. ಎ320ಯಲ್ಲಿ ಬೆಂಗಳೂರಿನಿಂದ ಮಂಗಳೂರಿಗೆ ಅಂತ ಕೊಟ್ಟರೆ ಗಾಳಿ, ತೂಕ, ಪ್ರಯಾಣದ ಇಂಧನ, ಮೀಸಲು ಎಲ್ಲ ಲೆಕ್ಕ ಹಾಕಿ ಪುಟಗಟ್ಟಲೆ ಹಾಳೆ ಕೈಗೆ ಕೊಡುತ್ತದೆ. ಇದೂ ಉಚಿತ. ಫ್ಲೈಬೈವೈರ್ ತಂಡ ಸಿಮ್ಯುಲೇಟರಿಗೆಂದು ಮಾಡಿದ ಉಚಿತ ಎ320 ಇದ್ದರೆ ಆ ಪ್ಲಾನ್ ನೇರ ವಿಮಾನದ ಕಂಪ್ಯೂಟರಿಗೇ ಇಳಿಯುತ್ತದೆ.

ಆದರೆ ಪರ್ಯಾಯ ನಿಲ್ದಾಣದ (ಹೋದ ಕಡೆ ಇಳಿಯಲಾಗದಿದ್ದರೆ ಹೋಗುವ ನಿಲ್ದಾಣದ) ಆಯ್ಕೆಯನ್ನು ತಂತ್ರಾಂಶಕ್ಕೇ ಬಿಡಬೇಡಿ. ಮಂಗಳೂರಿಗೆ ಹತ್ತಿರದ್ದು ಕಣ್ಣೂರು, ಸುಮಾರು 75 ನಾಟಿಕಲ್ ಮೈಲು. ಜುಲೈಯಲ್ಲಿ ಮಂಗಳೂರು ನಿಲ್ದಾಣವಿರುವ ಬಜಪೆಯ ಮೇಲೆ ಸುರಿಯುವ ಮೋಡ ಕಣ್ಣೂರಿನ ಮೇಲೂ ಸುರಿಯುತ್ತಿರುವ ಸಾಧ್ಯತೆಯೇ ಹೆಚ್ಚು, ಎರಡೂ ಒಂದೇ ಕರಾವಳಿ. ನಾನು ಬೆಂಗಳೂರಿಗೇ ವಾಪಸ್ ಬರುವಷ್ಟು ಇಂಧನ ಹಾಕುತ್ತೇನೆ. ಬಜಪೆಯದು ಗುಡ್ಡದ ತಲೆ ಕಡಿದು ಮಾಡಿದ ಟೇಬಲ್‌ಟಾಪ್ ರನ್‌ವೇ. 2010ರ ಮೇ 22ರಂದು ವಿಮಾನ ದುರಂತದಲ್ಲಿ 158 ಜನ ಅಲ್ಲಿ ಜೀವ ಕಳೆದುಕೊಂಡರು. ಮನೆಯ ಸಿಮ್ಯುಲೇಟರಿನಲ್ಲೂ ನಾನು ಆ ರನ್‌ವೇಯ ಮೇಲೆ ಹುಡುಗಾಟ ಮಾಡುವುದಿಲ್ಲ. ಅಪ್ರೋಚ್ (ಇಳಿಯಲು ಹತ್ತಿರ ಬರುವ ಹಂತ) ಸ್ಥಿರವಾಗಿಲ್ಲ ಅನಿಸಿದರೆ ಮರುಮಾತಿಲ್ಲದೆ ಗೋ ಅರೌಂಡ್, ಇಳಿಯದೆ ಮತ್ತೆ ಮೇಲಕ್ಕೆ.

ಇನ್ನು ದುಡ್ಡಿನ ವಿಷಯ. ಜಗತ್ತಿನ ವಾಯುಮಾರ್ಗಗಳ ದತ್ತಾಂಶ ಐರಾಕ್ ಚಕ್ರದ ಪ್ರಕಾರ 28 ದಿನಕ್ಕೊಮ್ಮೆ ಬದಲಾಗುತ್ತದೆ, ವರ್ಷಕ್ಕೆ 13 ಸಲ. ಚಂದಾ ಇಲ್ಲದ ಸಿಮ್‌ಬ್ರೀಫ್‌ನಲ್ಲಿ ಇರುವುದು ಹಳೆಯ ಚಕ್ರ. ಲಿಟಲ್ ನ್ಯಾವ್‌ಮ್ಯಾಪ್ ಜೊತೆಗೆ ಬರುವ ನ್ಯಾವಿಗ್ರಾಫ್ ದತ್ತಾಂಶವೂ ಹಳೆಯದೇ. ಸಿಮ್ಯುಲೇಟರಿನದು ಒಂದು ಕಾಲದ್ದು, ಪ್ಲಾನಿನದು ಇನ್ನೊಂದು ಕಾಲದ್ದಾದರೆ ದಾರಿಯ ನಡುವೆ ಒಂದೆರಡು ವೇಪಾಯಿಂಟ್ (ದಾರಿ ಗುರುತಿಸುವ ಬಿಂದು) ಹೆಸರೇ ಸಿಗುವುದಿಲ್ಲ, ರೂಟ್ ತುಂಡಾಗಿ ನಿಲ್ಲುತ್ತದೆ. ನ್ಯಾವಿಗ್ರಾಫ್ ಚಂದಾ ಕಟ್ಟಿದರೆ ಈ ತಲೆನೋವು ಹೋಗುತ್ತದೆ, ಜೊತೆಗೆ ಪೈಲಟ್‌ಗಳು ಬಳಸುವ ಜೆಪ್ಪಸೆನ್ ಚಾರ್ಟ್‌ಗಳು ಸಿಗುತ್ತವೆ. ಚಾರ್ಟಿನ ಮೇಲೆ ನಮ್ಮ ವಿಮಾನ ತೆವಳುವುದನ್ನು ನೋಡುವುದು ನಿಜಕ್ಕೂ ಚೆಂದ. ಫ್ರಾಂಕ್‌ಫರ್ಟ್‌ನಂಥ ಕಡೆ ಟ್ಯಾಕ್ಸಿವೇ ಹುಡುಕುವಾಗ ಅದರ ಬೆಲೆ ಗೊತ್ತಾಗುತ್ತದೆ.

ಆದರೆ ನಮ್ಮ ದೇಶದೊಳಗೆ ಮಾತ್ರ ಹಾರುವವರು ತಿಂಗಳು ತಿಂಗಳು ದುಡ್ಡು ಕಟ್ಟಬೇಕಾಗಿಲ್ಲ. ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ಇಎಐಪಿಯಲ್ಲಿ (ಆನ್‌ಲೈನ್ ವೈಮಾನಿಕ ಮಾಹಿತಿ ಪುಸ್ತಕದಲ್ಲಿ) ಮಂಗಳೂರು, ಹುಬ್ಬಳ್ಳಿ, ಮೈಸೂರಿನ ಅಸಲಿ ಚಾರ್ಟ್‌ಗಳು ಪುಕ್ಕಟೆ ಸಿಗುತ್ತವೆ. ನಾನು ಮಂಗಳೂರಿನ ರನ್‌ವೇ 24ರ ಐಎಲ್‌ಎಸ್ (ರೇಡಿಯೋ ಸಂಕೇತ ಹಿಡಿದು ಇಳಿಯುವ ವ್ಯವಸ್ಥೆ) ಚಾರ್ಟ್ ಮುದ್ರಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಮೇಜಿನ ಮೇಲೆ ಅಂಟಿಸಿದ್ದೇನೆ. ನ್ಯಾವಿಗ್ರಾಫ್ ಚಂದಾ ಕಟ್ಟುವುದು ದಸರಾ ರಜೆಯ ತಿಂಗಳು ಮಾತ್ರ. ಆಗ ನಾನೂ ಮಗಳೂ ಯೂರೋಪಿನ ಕಡೆ ಹಾರುತ್ತೇವೆ, ಪ್ರೊಫೈಲ್ ನೋಡಿ ಎತ್ತರ ಆರಿಸುವ ಕೆಲಸ ಅವಳದು.